ಹೊಲದ ಬಟ್ಟೆಯೂ ಒಗೆಯುವ ಕೈಯೂ

ಕನ್ನಡದಲ್ಲಿ ‘ಮಡಿ’ ಎಂದರೆ ಒಗೆದು ಶುಭ್ರಗೊಳಿಸಿದ ಬಟ್ಟೆ. ಮಡಿವಾಳ ಎಂಬ ಕಾಯಕದ ಹೆಸರಿನಲ್ಲಿರುವುದೂ ಇದೇ ಮಾತು. ಮುಟ್ಟಬಾರದು, ಸೋಕಬಾರದು ಎಂಬ ಕಟ್ಟಳೆಗಳಿಗೂ ಅದೇ ಮಾತು ಹೆಸರಾಗಿ, ಮಡಿಯನ್ನು ಮಾಡಿಕೊಡುವ ಕೈಯನ್ನೇ ಕೀಳೆಂದು ಎಣಿಸುವ ವಿಪರೀತವೂ ನಮ್ಮ ನಾಡಿನಲ್ಲಿ ನಡೆಯಿತು. ಕಲ್ಯಾಣದ ಶರಣರು ಇದನ್ನು ಒಪ್ಪಲಿಲ್ಲ. ದೇವರ ಹಿಪ್ಪರಗಿಯಿಂದ ಬಂದ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಒಗೆಯುವುದನ್ನೇ ಕಾಯಕವಾಗಿ ಹಿಡಿದು ಶರಣಗಣದಲ್ಲಿ ಪೂಜ್ಯರಾದರು. ಬಟ್ಟೆಯ ಕೊಳೆ ಎಂಥದು, ಅದು ಎಳೆಯ ಯಾವ ಭಾಗದಲ್ಲಿ ಅಡಗಿದೆ, ಯಾವುದರಿಂದ ಹೊರಬರುತ್ತದೆ ಎಂಬ ಅರಿವು ಅಲ್ಪವಾದುದಲ್ಲ. ಇಂದು ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ವಸ್ತ್ರವಿಜ್ಞಾನವೆಂಬ ಹೆಸರಿನಲ್ಲಿ ಇದನ್ನೇ ಅಭ್ಯಾಸ ಮಾಡುತ್ತಾರೆ.

ಈ ವಿಚಾರವನ್ನು ನಾವು ಎತ್ತಿಕೊಳ್ಳಲು ಒಂದು ಕಾರಣವುಂಟು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಯ ಸೀಮೆಗಳಲ್ಲಿ ನಮ್ಮ ಸಮಾಜದ ಒಕ್ಕಲು ಮನೆತನಗಳು ಬಹಳ. ಅಲ್ಲಿಯ ಕೆಂಪು ಮಣ್ಣಿನ ಹೊಲಗಳಲ್ಲಿ ಬ್ಯಾರನ್ನಿನಲ್ಲಿ ಹದಗೊಳಿಸುವ ಹೊಗೆಸೊಪ್ಪು ಬೆಳೆಯುತ್ತದೆ. ಕೋಟೆಯ ಕಡೆಗೆ ಹತ್ತಿ. ಕೃಷ್ಣರಾಜನಗರದ ಕಾಲುವೆಯ ಬಯಲಿನಲ್ಲಿ ಭತ್ತ. ಹೊಲದಿಂದ ಸಂಜೆ ಮನೆಗೆ ಬರುವ ಅಂಗಿ, ಪಂಚೆ, ಸೀರೆಗಳು ಹಿತ್ತಿಲ ಒಗೆಯುವ ಕಲ್ಲಿನ ಬಳಿ ಗುಡ್ಡೆಯಾಗಿ ಬೀಳುತ್ತವೆ. ಮಗುವಿನ ಲಂಗೋಟಿ, ಅಜ್ಜನ ಟವೆಲು, ಶಾಲೆಯ ಸಮವಸ್ತ್ರ ಎಲ್ಲವೂ ಅದೇ ಗುಡ್ಡೆಯಲ್ಲಿ. ಮರುದಿನ ಮನೆಯ ಸೊಸೆ ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಹಾಕುತ್ತಾಳೆ. ಹೊಲದ ಬಟ್ಟೆಯ ಕೊಳೆಯೆಲ್ಲ ಕಣ್ಣಿಗೆ ಕಾಣುವ ಕೊಳೆಯಲ್ಲ. ಮಣ್ಣು ಕಾಣುತ್ತದೆ, ಬೆವರು ನಾರುತ್ತದೆ. ವಿಷವು ಕಾಣುವುದೂ ಇಲ್ಲ, ಎಷ್ಟೋ ವೇಳೆ ನಾರುವುದೂ ಇಲ್ಲ.

ಮೊದಲು ಹೊಗೆಸೊಪ್ಪನ್ನೇ ನೋಡೋಣ. ಈ ಬೆಳೆ ಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ. ಅದರಲ್ಲಿ ನಮಗೆ ನಮ್ಮದೇ ಆದ ಅಭಿಪ್ರಾಯವಿದೆ, ಇಲ್ಲಿ ಅದನ್ನು ಬದಿಗಿಡುತ್ತೇವೆ. ಮೇ, ಜೂನ್ ತಿಂಗಳಲ್ಲಿ ನಾಟಿಯಾದ ಗಿಡದಿಂದ ಜುಲೈ, ಆಗಸ್ಟ್ ಹೊತ್ತಿಗೆ ಸೊಪ್ಪು ಮುರಿಯುವ ಕೆಲಸ ಆರಂಭವಾಗುತ್ತದೆ. ಅದು ಮಳೆಯ ಕಾಲ. ಬೆಳಗಿನ ಹೊತ್ತು ಎಲೆಯೆಲ್ಲ ಒದ್ದೆ. ಮುರಿದ ಸೊಪ್ಪನ್ನು ಕಂಕುಳಿಗೆ ಒತ್ತಿಕೊಂಡು ಸಾಲಿನ ತುದಿಯವರೆಗೆ ಹೊರುವವರ ರವಿಕೆ, ಅಂಗಿ ಗಳಿಗೆಯೊಳಗೆ ತೊಯ್ಯುತ್ತವೆ. ನಿಕೋಟಿನ್ ಎಂಬ ವಸ್ತು ನೀರಿನಲ್ಲಿ ಚೆನ್ನಾಗಿ ಕರಗತಕ್ಕದ್ದು. ಚರ್ಮದ ಮೂಲಕವೂ ಒಳಸೇರತಕ್ಕದ್ದು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಹೊಗೆಸೊಪ್ಪಿನ ಹೊಲಗಳಲ್ಲಿ 1970ರ ದಶಕದಲ್ಲಿ ನಡೆದ ಸಂಶೋಧನೆಯಲ್ಲಿ, ಎಲೆಯ ಮೇಲಿನ 100 ಮಿಲಿಲೀಟರ್ ಇಬ್ಬನಿಯಲ್ಲಿ 9 ಮಿಲಿಗ್ರಾಂನಷ್ಟು ನಿಕೋಟಿನ್ ಕರಗಿರುವುದು ಕಂಡುಬಂದಿತು. ಒದ್ದೆ ಬಟ್ಟೆ ಮೈಗೆ ಅಂಟಿಕೊಂಡಿರುವಷ್ಟು ಹೊತ್ತೂ ಆ ಕಷಾಯದ ಪಟ್ಟಿಯನ್ನು ಚರ್ಮದ ಮೇಲೆ ಹಾಕಿಕೊಂಡಂತೆ. ತಲೆ ಸುತ್ತು, ಓಕರಿಕೆ, ವಾಂತಿ, ತಲೆನೋವು, ಕೈಕಾಲು ಸೋಲುವುದು ಇದರ ಲಕ್ಷಣಗಳು. 1970ರಲ್ಲಿ ಫ್ಲಾರಿಡಾದ ಹೊಗೆಸೊಪ್ಪಿನ ಕೆಲಸಗಾರರಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ಗುರುತಿಸಿದರು. ಇದಕ್ಕೆ ‘ಹಸಿ ಹೊಗೆಸೊಪ್ಪಿನ ರೋಗ’ವೆಂದು ಹೆಸರು. ನಮ್ಮ ದೇಶದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗುಜರಾತಿನ ಹೊಗೆಸೊಪ್ಪಿನ ಕೆಲಸಗಾರರಲ್ಲಿ ಇದನ್ನು ಅಭ್ಯಾಸ ಮಾಡಿದರು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ‘ಪಿತ್ತ’ವೆಂದೋ ‘ಬಿಸಿಲು ಬಡಿಯಿತು’ ಎಂದೋ ಹೆಸರಾಗಿ, ಒಂದೆರಡು ದಿನದಲ್ಲಿ ತಾನಾಗಿ ಇಳಿಯುವುದರಿಂದ ಮರೆತೂಹೋಗುತ್ತದೆ. ಮಲಗಿದ್ದವಳು ಮೂರನೆಯ ದಿನ ಅದೇ ಒದ್ದೆ ರವಿಕೆಯಲ್ಲಿ ಮತ್ತೆ ಸೊಪ್ಪು ಮುರಿಯಲು ಹೋಗುತ್ತಾಳೆ.

ನೀರಿನಲ್ಲಿ ಕರಗುವುದೆಂಬ ಗುಣವೇ ಇಲ್ಲಿ ಪರಿಹಾರವನ್ನೂ ತೋರಿಸುತ್ತದೆ. ಬಟ್ಟೆ ತೊಯ್ದೊಡನೆ ಬದಲಿಸಬೇಕು. ಬಿಚ್ಚಿದ ಬಟ್ಟೆಯನ್ನು ಸಾಬೂನು ಸೋಕಿಸುವ ಮೊದಲು ಬರಿಯ ನೀರಿನಲ್ಲಿ ಎರಡು ಸಲ ಜಾಲಿಸಿ ನೀರು ಚೆಲ್ಲಬೇಕು. ಸಾಬೂನಿಗೆ ಏನು ಅವಸರ ಎಂದು ಕೇಳಬಹುದು. ಸಾಬೂನು ಕ್ಷಾರಗುಣದ್ದು, ಕ್ಷಾರದ ಸಂಗದಲ್ಲಿ ನಿಕೋಟಿನ್ ಚರ್ಮವನ್ನು ಇನ್ನೂ ಸುಲಭವಾಗಿ ದಾಟುವ ರೂಪಕ್ಕೆ ತಿರುಗುತ್ತದೆ. ಮೊದಲ ನೀರಿನಲ್ಲಿಯೇ ಹೆಚ್ಚಿನ ಅಂಶ ಹೊರಟುಹೋದರೆ ಉಜ್ಜುವ ಕೈಗೆ ಉಳಿಯುವುದು ಕಡಿಮೆ.

ಹೊಗೆಸೊಪ್ಪಿಗಿಂತ ಜಟಿಲವಾದುದು ಕೀಟನಾಶಕದ ಮಾತು. ವಿಷಕ್ಕೆ ನಮ್ಮ ರೈತರು ‘ಔಷಧಿ’ ಎನ್ನುತ್ತಾರೆ. ಈ ಒಂದು ಹೆಸರು ಮಾಡಿರುವ ಅನಾಹುತ ಅಷ್ಟಿಷ್ಟಲ್ಲ ಎಂದು ನಾವು ಬಗೆಯುತ್ತೇವೆ. ಔಷಧಿ ಚೆಲ್ಲಿದ ಅಂಗಿಯನ್ನು ಯಾರು ತಾನೇ ಹೆದರಿ ಮುಟ್ಟಿಯಾರು? 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಸಿಂಪಡಣೆ ಮಾಡುತ್ತಿದ್ದ ಸುಮಾರು 20 ಮಂದಿ ಪ್ರಾಣ ಕಳೆದುಕೊಂಡ ಮೇಲೆ ದೇಶವು ಒಂದಿಷ್ಟು ಎಚ್ಚೆತ್ತಿತು. ಅಂಥ ಮರಣಗಳು ಪತ್ರಿಕೆಗೆ ಬರುತ್ತವೆ. ಒಗೆಯುವವರ ಮೈಗೆ ದಿನಕ್ಕಿಷ್ಟರಂತೆ ಸೇರುವುದು ಪತ್ರಿಕೆಗೆ ಬರುವುದಿಲ್ಲ.

ಇಲ್ಲಿ ಬಟ್ಟೆಯ ಎಳೆಯ ಸ್ವಭಾವವನ್ನು ತಿಳಿಯಬೇಕು. ಹತ್ತಿಯ ಎಳೆ ಒಂದು ಸಣ್ಣ ಕೊಳವೆ. ಗಿಡದಲ್ಲಿರುವಾಗ ಒಳಗೆ ಜೀವರಸವಿದ್ದು, ಕಾಯಿ ಒಡೆದು ಒಣಗಿದ ಮೇಲೆ ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ನಡುವಿನ ಟೊಳ್ಳು ಪೂರ್ತಿ ಮುಚ್ಚುವುದಿಲ್ಲ. ಹದವಾದ ಗಾಳಿಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ಹೀರಿಟ್ಟುಕೊಳ್ಳುತ್ತದೆ. ಉಣ್ಣೆ 16 ಗ್ರಾಂನಷ್ಟು. ಪಾಲಿಯೆಸ್ಟರ್ ಅರ್ಧ ಗ್ರಾಂಗೂ ಕಡಿಮೆ. ಪಾಲಿಯೆಸ್ಟರಿಗೆ ನೀರು ಬೇಡ, ಎಣ್ಣೆ ಬೇಕು. ಟೆರಿಕಾಟ್ ಅಂಗಿಯ ಕೊರಳಪಟ್ಟಿಯ ಜಿಡ್ಡು ಎಷ್ಟು ಉಜ್ಜಿದರೂ ಹೋಗದಿರುವುದನ್ನು ಗೃಹಿಣಿಯರೆಲ್ಲ ಬಲ್ಲರು. ಅದಕ್ಕೆ ಕಾರಣ ಇದೇ. ಹತ್ತಿಯಾದರೋ ಎರಡನ್ನೂ ತನ್ನೊಳಗೆ ಬಿಟ್ಟುಕೊಳ್ಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಸ್ತ್ರವಿಜ್ಞಾನಿ ಎಸ್. ಕೇ ಓಬೆಂಡಾರ್ಫ್ ಅವರೂ ಅವರ ಸಂಗಡಿಗರೂ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ನೋಡಿದಾಗ, ಒಗೆದ ಮೇಲೂ ಎಣ್ಣೆಯ ಅಂಶವು ಹತ್ತಿಯ ಎಳೆಯ ಮಡಿಕೆಗಳಲ್ಲಿಯೂ ಒಳಗಿನ ಟೊಳ್ಳಿನಲ್ಲಿಯೂ ಉಳಿದುಕೊಂಡಿತ್ತು. ಹೊರಮೈ ಶುಭ್ರ, ಒಳಗೆ ಕೊಳೆ. ಮನುಷ್ಯನ ವಿಷಯದಲ್ಲಿ ಈ ಮಾತನ್ನು ಕೇಳಿದ್ದೆವು, ಹತ್ತಿಯ ಎಳೆಯಲ್ಲಿಯೂ ಅದೇ ಇದ್ದಿತು.

ಮಾರುಕಟ್ಟೆಯಲ್ಲಿ ಸಿಗುವ ಕೀಟನಾಶಕಗಳಲ್ಲಿ ಕೆಲವು ನೀರಿನಲ್ಲಿ ಕದಡುವ ಪುಡಿಗಳು. ಕೆಲವು ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿಟ್ಟು, ನೀರಿಗೆ ಸುರಿದೊಡನೆ ಹಾಲಿನಂತೆ ಬೆಳ್ಳಗಾಗತಕ್ಕವು. ಪುಡಿಯು ಬಟ್ಟೆಯ ಮೇಲೆ ಕೂತಿರುತ್ತದೆ, ಒಗೆದರೆ ಬಹುಮಟ್ಟಿಗೆ ಹೋಗುತ್ತದೆ. ಹಾಲಾಗುವ ಜಾತಿಯದು ಎಳೆಯೊಳಕ್ಕೆ ಇಳಿಯುತ್ತದೆ. 1980ರ ದಶಕದಲ್ಲಿ ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳು ರೈತರ ಬಟ್ಟೆಗಳನ್ನೇ ತೆಗೆದುಕೊಂಡು, ಎಷ್ಟು ಬಿಸಿಯ ನೀರು, ಎಂಥ ಮಾರ್ಜಕ, ಎಷ್ಟು ಸಲ ಎಂದು ಅಳೆದು ನೋಡಿದವು. ಅವುಗಳ ಫಲಿತಾಂಶ ನಮ್ಮ ಒಗೆಯುವ ಕಲ್ಲಿಗೂ ಅನ್ವಯಿಸುತ್ತದೆ. ಅದೇ ದಿನ ಒಗೆದ ಬಟ್ಟೆಯಿಂದ ವಿಷ ಹೆಚ್ಚು ಹೋಗುತ್ತದೆ, ತಡಮಾಡಿದಷ್ಟೂ ಅಂಟಿಕೊಳ್ಳುತ್ತದೆ. ಬರಿಯ ನೀರಿನ ಮೊದಲ ಜಾಲಿಕೆ ಇಲ್ಲಿಯೂ ಉಪಯುಕ್ತ. ತಣ್ಣೀರಿಗಿಂತ 60 ಡಿಗ್ರಿಯ ಬಿಸಿನೀರು ಉತ್ತಮ. ಅದು ಕೈಯಿಟ್ಟರೆ ಸುಡುವ ನೀರಾದ್ದರಿಂದ ಕೋಲಿನಿಂದ ತಿರುವಬೇಕು. ಹೊಲದ ಬಟ್ಟೆಯೊಡನೆ ಬೇರೆ ಬಟ್ಟೆ ಸೇರಿಸಿದರೆ ವಿಷವು ಅದಕ್ಕೂ ದಾಟುತ್ತದೆ. ಮಗುವಿನ ಲಂಗೋಟಿಯನ್ನು ನಾವು ಮೊದಲಲ್ಲಿಯೇ ಹೆಸರಿಸಿದ್ದು ಅದಕ್ಕಾಗಿ. ನೀರು ಬೆರೆಸದ ಮೂಲ ಔಷಧಿಯೇ ಬಟ್ಟೆಯ ಮೇಲೆ ಚೆಲ್ಲಿದ್ದರೆ ಎಷ್ಟು ಸಲ ಒಗೆದರೂ ಪೂರ್ತಿ ಹೋಗುವುದಿಲ್ಲ. ಅಂಥ ಬಟ್ಟೆಯನ್ನು ಎಸೆಯಲೇಬೇಕು. ನಮ್ಮ ಮನೆಗಳಲ್ಲಿ ಹಳೆಯ ಪಂಚೆಯನ್ನು ಎಸೆಯುವ ಪದ್ಧತಿಯಿಲ್ಲ. ಅದು ಒರೆಸುವ ಬಟ್ಟೆಯಾಗುತ್ತದೆ, ಕೌದಿಯಾಗುತ್ತದೆ, ತೊಟ್ಟಿಲಿಗೆ ಹಾಸಾಗುತ್ತದೆ. ಮಿತವ್ಯಯವು ಸದ್ಗುಣವೇ ಸರಿ, ಈ ಒಂದು ಬಟ್ಟೆಯ ಮಟ್ಟಿಗೆ ಮಾತ್ರ ಅದು ಸಲ್ಲದು.

ಬ್ಲೀಚಿಂಗ್ ಪುಡಿ ಹಾಕಿದರೆ ವಿಷ ಸಾಯುವುದೆಂಬ ನಂಬಿಕೆಯೂ ಉಂಟು. ಅದು ಹುಸಿ. ಕ್ಲೋರ್‌ಪೈರಿಫಾಸ್‌ನಂಥ ಕೆಲವು ಕೀಟನಾಶಕಗಳಿಗೆ ಕ್ಲೋರಿನ್ ತಗುಲಿದರೆ ಅವು ಮೊದಲಿಗಿಂತ ಹೆಚ್ಚು ವಿಷವುಳ್ಳ ರೂಪವನ್ನೇ ತಾಳುತ್ತವೆ. ಕೊಳವೆ ಬಾವಿಯ ನೀರು ಗಡಸಾಗಿದ್ದರೆ ಸಾಬೂನು ಅದರಲ್ಲಿರುವ ಸುಣ್ಣದ ಅಂಶದೊಡನೆ ಸೇರಿ ಮೊಸರೊಡೆದಂತೆ ಕರಣೆಗಟ್ಟಿ, ಬಟ್ಟೆಯ ಮೇಲೆಯೇ ಕೂರುತ್ತದೆ. ನೊರೆಯೂ ಇಲ್ಲ, ಶುದ್ಧಿಯೂ ಇಲ್ಲ. ಎಣ್ಣೆಯ ಅಂಶವುಳ್ಳ ಕೊಳೆಗೆ ಅಂಥ ನೀರಿನಲ್ಲಿ ಬಾರ್ ಸಾಬೂನಿಗಿಂತ ದ್ರವರೂಪದ ಮಾರ್ಜಕವೇ ಮೇಲು. ಅಂಟುವಾಳದ ಕಾಯಿಯು ಗಡಸು ನೀರಿನಲ್ಲಿಯೂ ನೊರೆಯುತ್ತದೆ, ಕ್ಷಾರಗುಣದ್ದೂ ಅಲ್ಲ. ರೇಷ್ಮೆಗೆ, ಉಣ್ಣೆಗೆ ಅದನ್ನು ಮೀರಿದ್ದು ಅಪರೂಪ. ಆದರೆ ಹೊಲದ ಬಟ್ಟೆಯ ವಿಷಕ್ಕೆ ಅದನ್ನೇ ನೆಚ್ಚಿಕೊಳ್ಳಿರೆಂದು ನಾವು ಹೇಳಲಾರೆವು.

ಹಳೆಯ ಮಡಿವಾಳರ ಪದ್ಧತಿಯನ್ನು ಈ ಫಲಿತಾಂಶಗಳ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಮನೆಮನೆಯ ಬಟ್ಟೆ ಬೇರೆ ಬೇರೆ, ಮೊದಲು ನದಿಯ ನೀರಿನಲ್ಲಿ ಜಾಲಿಕೆ, ಆಮೇಲೆ ಚೌಳು ಮಣ್ಣಿನ ಕ್ಷಾರ, ದೊಡ್ಡ ಹಂಡೆಯ ಮೇಲೆ ಉಬ್ಬೆ ಹಾಕಿ ಹಬೆಯ ಕಾವು, ಕಲ್ಲಿಗೆ ಬಡಿತ, ಮರಳಿನ ದಡದ ಮೇಲೆ ದಿನವಿಡೀ ಬಿಸಿಲು, ಕೊನೆಗೆ ಗಂಜಿ. ನೀರಿನಲ್ಲಿ ನೆಂದಾಗ ಹತ್ತಿಯ ಎಳೆ ದುರ್ಬಲವಾಗುವುದಿಲ್ಲ, ಒಣಗಿದಾಗಿನದಕ್ಕಿಂತ ಗಟ್ಟಿಯಾಗುತ್ತದೆ. ಕಲ್ಲಿನ ಬಡಿತವನ್ನು ತಡೆದದ್ದು ಆ ಗುಣದಿಂದಲೇ. ರೇಯಾನಿನ ಸೀರೆಗೆ ಅದೇ ಬಡಿತ ಕೊಟ್ಟರೆ ಹರಿಯುತ್ತದೆ, ಏಕೆಂದರೆ ಒದ್ದೆಯಾದ ರೇಯಾನಿನ ಬಲ ಅರ್ಧಕ್ಕೆ ಇಳಿದಿರುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಹಲವು ಕೀಟನಾಶಕಗಳ ಅಣುಗಳನ್ನು ಒಡೆಯುತ್ತವೆ ಎಂಬುದೂ ಪರೀಕ್ಷಿತವಾದ ಮಾತು.

ಗಂಜಿಯ ಮಾತು ಇನ್ನೂ ಸ್ವಾರಸ್ಯವಾದುದು. ಅಕ್ಕಿ ಬಸಿದ ಗಂಜಿಯಲ್ಲಿ ಅದ್ದಿ ಒಣಗಿಸಿದ ಅಂಗಿಯನ್ನು ತೊಟ್ಟವನ ಠೀವಿಯನ್ನು ನಾವೆಲ್ಲ ಬಲ್ಲೆವು. ಆ ಗಂಜಿಗೆ ಇನ್ನೊಂದು ಉಪಯೋಗವಿದೆಯೆಂದು ಕಾರ್ನೆಲ್ ವಿಶ್ವವಿದ್ಯಾನಿಲಯದವರು 1990ರ ದಶಕದಲ್ಲಿ ತೋರಿಸಿಕೊಟ್ಟರು. ಪಿಷ್ಟವು ಎಳೆಗಳ ಸುತ್ತ ತೆಳುವಾದ ಪೊರೆಯಂತೆ ಕೂತು, ಬಟ್ಟೆಯ ಮೇಲೆ ಬಿದ್ದ ಕೀಟನಾಶಕವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಒಗೆಯುವಾಗ ಪಿಷ್ಟ ಕರಗಿ ಹೋಗುತ್ತದೆ; ಹೋಗುವಾಗ ತಾನು ಹಿಡಿದಿದ್ದನ್ನೂ ಒಯ್ಯುತ್ತದೆ. ಎಳೆಯ ಒಳಟೊಳ್ಳಿಗೆ ಇಳಿಯುವುದು ಕಡಿಮೆಯಾಗುತ್ತದೆ. ಪ್ರತಿಸಲವೂ ಒಗೆದ ಮೇಲೆ ಹೊಸದಾಗಿ ಗಂಜಿ ಹಾಕಬೇಕೆಂಬುದೊಂದೇ ಇಲ್ಲಿಯ ಕಷ್ಟ. ಭತ್ತದ ಸೀಮೆಯಾದ ಕೃಷ್ಣರಾಜನಗರದಲ್ಲಿ ಗಂಜಿಗೆ ಬರವೇ? ಕುಕ್ಕರ್ ಬಂದ ಮೇಲೆ ಅನ್ನ ಬಸಿಯುವುದೇ ನಿಂತಿತೆಂಬುದು ನಿಜ. ಒಂದು ಹಿಡಿ ನುಚ್ಚಕ್ಕಿ ಬೇಯಿಸಿದರೆ ಸಾಕಷ್ಟು ಗಂಜಿ ಆಗುತ್ತದೆ. ಔಷಧಿ ಹೊಡೆಯುವ ಅಂಗಿಗೆ, ಪ್ಯಾಂಟಿಗೆ ಗಟ್ಟಿಯಾಗಿ ಗಂಜಿ ಹಾಕಿ ತೊಡುವುದನ್ನು ನಮ್ಮ ಒಕ್ಕಲು ಮನೆಗಳು ರೂಢಿಸಿಕೊಳ್ಳಬೇಕೆಂದು ನಾವು ಬಿನ್ನವಿಸುತ್ತೇವೆ. ಒಳಗೆ ಒಂದು ಬನಿಯನ್ ಇದ್ದರೆ ಇನ್ನೂ ಒಳಿತು. ಬಟ್ಟೆಯ ಒಂದೊಂದು ಪದರವೂ ಚರ್ಮಕ್ಕೆ ತಲುಪುವುದನ್ನು ಇಳಿಸುತ್ತದೆ.

ಕಂಬಳಿಯ ಪ್ರಸ್ತಾಪವಿಲ್ಲದೆ ಹುಣಸೂರಿನ ಮಾತು ಮುಗಿಯದು. ಕುಂಪಣಿಯ ಕಾಲದಿಂದ 19ನೆಯ ಶತಮಾನದ ನಡುಭಾಗದವರೆಗೆ ಅಮೃತಮಹಲ್ ಗೋವುಗಳ ಕೇಂದ್ರವಾಗಿದ್ದ ಹುಣಸೂರಿನಲ್ಲಿ ಸರ್ಕಾರದ ಚರ್ಮ ಹದಗೊಳಿಸುವ ಕಾರ್ಖಾನೆಯೂ ಕಂಬಳಿಯ ಕಾರ್ಖಾನೆಯೂ ಇದ್ದವು. ಅವು ಮುಚ್ಚಿದ ಮೇಲೂ ಆ ಕಸುಬುಗಳು ಊರಿನಲ್ಲಿ ಬಹಳ ಕಾಲ ಉಳಿದವು. ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ನಾಟಿ ಮಾಡುತ್ತಿದ್ದವರನ್ನು ನಾವು ಬಾಲ್ಯದಲ್ಲಿ ಕಂಡವರು. ಉಣ್ಣೆಯ ಹೊರಪದರದ ಜಿಡ್ಡಿನಿಂದ ಮಳೆಯ ಹನಿ ಜಾರಿಹೋಗುತ್ತದೆ. ತೇವವನ್ನು ಹೀರುವಾಗ ಉಣ್ಣೆಯು ಅಲ್ಪ ಕಾವನ್ನೂ ಬಿಡುತ್ತದೆ. ಬೆಚ್ಚನೆಯ ಆ ಕೊಪ್ಪೆಯ ಜಾಗಕ್ಕೆ ಈಗ ಗೊಬ್ಬರದ ಚೀಲ ಬಂದಿದೆ. ಸೊಪ್ಪು ಮುರಿಯುವಾಗ ಎದೆಗೆ, ಕಂಕುಳಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಹೊದಿಕೆಯೇ ಯುಕ್ತವೆಂಬುದನ್ನು ಒಪ್ಪಲೇಬೇಕು, ಆದರೆ ಅದು ಗೊಬ್ಬರದ್ದಾಗಲಿ ಔಷಧಿಯದಾಗಲಿ ಹಳೆಯ ಚೀಲವಾಗಿರಬಾರದು. ಕಂಬಳಿಯನ್ನು ಹೊದ್ದು ಔಷಧಿ ಹೊಡೆಯುವುದಂತೂ ಕೂಡದು. ಬಿಸಿನೀರು, ಕ್ಷಾರ, ಉಜ್ಜುವಿಕೆ ಮೂರೂ ಉಣ್ಣೆಗೆ ಆಗದು. ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗಿ ಮಂದವಾಗುತ್ತದೆ. ವಿಷ ಹೋಗುವಂತೆ ಒಗೆಯಲಾಗದ ಬಟ್ಟೆಯನ್ನು ವಿಷದ ಕೆಲಸಕ್ಕೆ ತೊಡಬಾರದೆಂದು ಇಟ್ಟುಕೊಳ್ಳಬಹುದು.

ನಮ್ಮ ನಾಡಿನಲ್ಲಿಯೇ ನಡೆದಿರುವ ಒಂದು ಸಂಶೋಧನೆಯನ್ನು ಇಲ್ಲಿ ಹೇಳಬೇಕು. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಡಾ. ಪ್ರವೀಣ್ ಕುಮಾರ್ ವೇಮುಲ ಅವರ ತಂಡವು ಮೊದಲು, 2018ರಲ್ಲಿ, ಸಿಂಪಡಣೆಗೆ ಮುನ್ನ ಚರ್ಮಕ್ಕೆ ಹಚ್ಚಿಕೊಳ್ಳುವ ಒಂದು ಲೇಪವನ್ನು ಪ್ರಕಟಿಸಿತು. ಆಮೇಲೆ ಅದೇ ತತ್ತ್ವವನ್ನು ಬಟ್ಟೆಗೆ ತಂದಿತು. ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳು ನಮ್ಮ ನರಗಳ ಕೆಲಸಕ್ಕೆ ಅತ್ಯಗತ್ಯವಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ನರದ ಸಂದೇಶ ನಿಲ್ಲದೆ ಹರಿದು ಸ್ನಾಯು, ಉಸಿರು ಎಲ್ಲವೂ ತಪ್ಪುತ್ತವೆ. ಈ ವಿಷವನ್ನು ಒಡೆಯಬಲ್ಲ ಆಕ್ಸೈಮ್ ಎಂಬ ರಾಸಾಯನಿಕವನ್ನು ಹತ್ತಿಯ ಸೆಲ್ಯುಲೋಸಿಗೇ ರಾಸಾಯನಿಕ ಬಂಧದಿಂದ ಕೂಡಿಸಿದರು. ವಿಷವು ಬಟ್ಟೆಗೆ ತಾಗಿದೊಡನೆ ಅಲ್ಲಿಯೇ ಒಡೆಯುತ್ತದೆ. ಗಂಜಿಯಂತೆ ಲೇಪವಲ್ಲದೆ ಎಳೆಯೊಡನೆ ಬೆಸೆದುಕೊಂಡಿರುವುದರಿಂದ ಒಗೆದರೂ ಗುಣ ಹೋಗುವುದಿಲ್ಲ. ಇಲಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಇದು ಪ್ರಾಣ ಕಾಪಾಡಿತು. 2024ರ ಡಿಸೆಂಬರಿನಲ್ಲಿ ‘ಕಿಸಾನ್ ಕವಚ್’ ಎಂಬ ಹೆಸರಿನಿಂದ ಇದರ ಉಡುಪು ಬಿಡುಗಡೆಯಾದಾಗ ಹೇಳಿದ ಬೆಲೆ 4,000 ರೂಪಾಯಿ. ಒಗೆದು ಒಗೆದು ಒಂದು ವರ್ಷ ತೊಡಬಹುದೆಂದರು.

ಇದು ಶ್ಲಾಘ್ಯವಾದ ಸಾಧನೆ. ಹಾಗೆಂದು ಎಲ್ಲ ವಿಷಕ್ಕೂ ಇದೇ ಕವಚವೆಂದು ತಿಳಿಯಬಾರದು. ಹೊಗೆಸೊಪ್ಪಿನ ನಿಕೋಟಿನ್ ಆರ್ಗನೋಫಾಸ್ಫೇಟ್ ಗುಂಪಿನದಲ್ಲ; ಅದನ್ನು ಒಡೆಯುವುದು ಈ ಬಟ್ಟೆಯ ಕೆಲಸವಲ್ಲ. ಬೆಲೆಯಾದರೂ ದಿನಗೂಲಿಯವರ ಕೈಗೆ ಎಟುಕುವಂಥದಲ್ಲ. ಹೊಲದ ಒಡೆಯನು ತನ್ನ ಮೈಗೆ ಕವಚವನ್ನು ಕೊಂಡು, ಕೂಲಿಯ ಆಳಿಗೆ ಹಳೆಯ ಬನಿಯನ್ನನ್ನು ಕೊಡುವುದು ಕಾಯಕದ ಮಾತಾಡುವ ಸಮಾಜಕ್ಕೆ ಶೋಭಿಸದು. ಸಹಕಾರ ಸಂಘಗಳು ಊರಿಗೆ ನಾಲ್ಕಾರು ಉಡುಪುಗಳನ್ನು ಕೊಂಡು ಸ್ಪ್ರೇಯರಿನೊಂದಿಗೆ ಬಾಡಿಗೆಗೆ ಕೊಡಬಹುದಲ್ಲವೇ?

ಒಗೆಯುವವರ ಕೈಗೆ ಬರೋಣ. ಉದ್ದನೆಯ ರಬ್ಬರ್ ಕೈಗವಸು ಒಂದು ಜೊತೆ ಹಿತ್ತಿಲಲ್ಲಿ ತೂಗುಹಾಕಿರಲಿ. ಬಸುರಿಯರು, ಎಳೆಗೂಸಿನ ತಾಯಂದಿರು ಹೊಲದ ಬಟ್ಟೆಯನ್ನು ಮುಟ್ಟುವುದೇ ಬೇಡ. ತೊಟ್ಟವನೇ ಒಗೆದುಕೊಂಡರೆ ಅವನ ಗೌರವಕ್ಕೆ ಕುಂದಿಲ್ಲ. ವಾಷಿಂಗ್ ಮೆಷಿನ್ ಇರುವ ಮನೆಗಳಲ್ಲಿ ಹೊಲದ ಬಟ್ಟೆಯ ಸರದಿ ಮುಗಿದ ಮೇಲೆ ಬಿಸಿನೀರು, ಮಾರ್ಜಕ ಹಾಕಿ ಖಾಲಿ ಮೆಷಿನ್ನನ್ನು ಒಂದು ಸಲ ತಿರುಗಿಸಬೇಕು. ಒಗೆದ ನೀರನ್ನು ಬಾವಿ, ದನ ಕುಡಿಯುವ ತೊಟ್ಟಿ, ತರಕಾರಿ ಮಡಿಗಳಿಂದ ದೂರ ಚೆಲ್ಲಬೇಕು. ಲಕ್ಷ್ಮಣತೀರ್ಥ, ಕಾವೇರಿ, ಹೇಮಾವತಿ, ಕಪಿಲೆಯ ದಡಕ್ಕಾಗಲಿ ಊರ ಕೆರೆಗಾಗಲಿ ಈ ಬಟ್ಟೆಯನ್ನು ಒಯ್ಯಬಾರದು. ಪೈರಿಥ್ರಾಯ್ಡ್ ಜಾತಿಯ ಕೀಟನಾಶಕಗಳು ಮೀನಿಗೆ ಅತ್ಯಂತ ಮಾರಕ.

ಯಾವ ಅಂಗಿ ಹೊಲದ್ದು, ಯಾವುದು ಮನೆಯದು ಎಂಬುದು ಒಗೆದು ಮಡಿಸಿಟ್ಟ ಮೇಲೆ ತಿಳಿಯದೆ ಹೋಗುತ್ತದೆ. ಹಿಂದೆ ಮಡಿವಾಳರು ಗೇರುಕಾಯಿಯ ರಸದಿಂದ ಬಟ್ಟೆಯ ಅಂಚಿನಲ್ಲಿ ಮನೆಗೊಂದು ಗುರುತು ಹಾಕುತ್ತಿದ್ದರು. ಗಾಳಿ ಸೋಕಿ ಕಪ್ಪಾದ ಆ ಗುರುತು ಬಟ್ಟೆ ಹರಿಯುವವರೆಗೂ ಹೋಗುತ್ತಿರಲಿಲ್ಲ. ಆ ರಸ ಚರ್ಮಕ್ಕೆ ಹುಣ್ಣೆಬ್ಬಿಸುವುದರಿಂದ ಈಗ ಅದರ ಸಾಹಸ ಬೇಡ. ಕೊರಳಪಟ್ಟಿಯ ಒಳಗೆ ಕೆಂಪು ದಾರದ ನಾಲ್ಕು ಹೊಲಿಗೆ ಹಾಕಿದರೆ ಸಾಕು. ಆ ಅಂಗಿಗೆ ಬೇರೆ ಗೂಟ, ಬೇರೆ ಬಕೆಟ್ಟು, ಬೇರೆ ಹಗ್ಗ.